ತೊರೆಕೊಪ್ಪಲಿನ ಶೂನ್ಯ ದಿನ

ಒಂದು ಜಾಗಕ್ಕೆ ಮನುಷ್ಯನೊಬ್ಬ ಎಷ್ಟು ಭಾರವಾಗುತ್ತಾನೆ ಎಂದು ಅಳೆಯಲು ಸಾಧ್ಯವಾದ ಮೇಲೆ ಪ್ರವಾಸಿಗರಿಂದ ಶುಲ್ಕ ತೆಗೆದುಕೊಳ್ಳುವ ರೀತಿಯೇ ಬದಲಾಯಿತು. ಅದಕ್ಕೂ ಮೊದಲು ಕಾಡಿಗೋ ಗುಹೆಗೋ ಹೋದವರು ಗೇಟಿನಲ್ಲಿ ಒಂದು ಟಿಕೆಟ್ ಕೊಳ್ಳುತ್ತಿದ್ದರು. ಮೆಲ್ಲಗೆ ಬಂದು ಮೆಲ್ಲಗೆ ಹೋಗುವವನಿಗೂ ಬಸ್ಸಿನಿಂದ ಇಳಿಯುತ್ತಲೇ ಸಿಳ್ಳೆ ಹಾಕುವವನಿಗೂ ಒಂದೇ ದರ. ಹೊರೆಮಾಪಕ ಬಂದ ಮೇಲೆ ಹಾಗಲ್ಲ. ನೆಲದಲ್ಲಿ ಹೂತಿಟ್ಟ ಸಂವೇದಕಗಳು ಹೆಜ್ಜೆಯ ಅದುರನ್ನು ಹಿಡಿಯುತ್ತವೆ, ಕಂಬದ ಮೇಲಿನವು ಮಾತನ್ನು ಹಿಡಿಯುತ್ತವೆ, ಶಾಖವನ್ನು ಕಾಣಬಲ್ಲ ಕ್ಯಾಮೆರಾಗಳು ಮರದ ಮೇಲಿನ ಜೀವ ಅಲುಗಿತೋ ಸುಮ್ಮನೆ ಕೂತಿತೋ ನೋಡುತ್ತವೆ. ಎಲ್ಲ ಸೇರಿ ನೂರರೊಳಗಿನ ಒಂದು ಅಂಕೆ. ಅದು ಆ ಹೊತ್ತಿನ ಹೊರೆ. ಹೊರೆ ಏರಿದಂತೆ ಗೇಟಿನಲ್ಲಿ ಶುಲ್ಕ ಏರುತ್ತದೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಒಳಗೆ ಹೋದವರು ಸದ್ದಿಲ್ಲದೆ ಇದ್ದು ಬಂದರೆ ಒಂದು ಪಾಲು ಹಿಂದಿರುಗುತ್ತದೆ. ಉಳಿದದ್ದು ಆ ಜಾಗದ ರಕ್ಷಣೆಗೇ ಹೋಗಬೇಕು.

ಯಾವ ತಕ್ಕಡಿಗಾದರೂ ಮೊದಲು ಸೊನ್ನೆ ಎಲ್ಲಿದೆ ಎಂದು ತೋರಿಸಿಕೊಡಬೇಕು. ಮನುಷ್ಯರೇ ಇಲ್ಲದಿದ್ದರೆ ಜಾಗ ಹೇಗಿರುತ್ತದೆ ಎಂದು ಒಂದು ದಿನ ಅಳೆದಿಟ್ಟುಕೊಂಡು, ಅಲ್ಲಿಂದ ಎಷ್ಟು ದೂರ ಸರಿದಿದೆ ಎಂದು ನೋಡುವುದೇ ಹೊರೆಮಾಪಕದ ಲೆಕ್ಕ. ಆ ದಿನಕ್ಕೆ ಶೂನ್ಯ ದಿನ ಎಂದು ಹೆಸರು. ಕಾಡುಗಳಲ್ಲಿ ಅದು ಸುಲಭ, ಗೇಟು ಮುಚ್ಚಿದರಾಯಿತು. ಹಕ್ಕಿಗಳು ಮನೆಗಳ ನಡುವೆಯೇ ಗೂಡು ಕಟ್ಟುವ ಊರಿನಲ್ಲಿ ಸುಲಭವಲ್ಲ.

ತೊರೆಕೊಪ್ಪಲಿನ ಶೂನ್ಯ ದಿನದ ದಾಖಲೆಯನ್ನು ತನುಜಾ ಒಂಬತ್ತು ವರ್ಷಗಳ ಮೇಲೆ ಮತ್ತೆ ತೆರೆದದ್ದು ಜನವರಿಯ ಒಂದು ಬೆಳಿಗ್ಗೆ. ಹಳೆಯ ಶಾಲೆಯ ಕಟ್ಟಡವೇ ಈಗ ನಿಯಂತ್ರಣ ಕೊಠಡಿ. ಅವಳು ಮಗ್ಗಿ ಕಲಿತ ಕೋಣೆಯಲ್ಲಿ ಐದು ಪರದೆಗಳು. ಐದನೆಯದರ ಮೇಲೆ ಆ ಹೊತ್ತಿನ ಹೊರೆ ಹಸಿರು ಬಣ್ಣದಲ್ಲಿ ನಿಂತಿತ್ತು: ಎರಡು. ನೂರಕ್ಕೆ ಎರಡು. ಇಡೀ ದೇಶದಲ್ಲಿ ಇಷ್ಟು ಹಗುರಾದ ತಾಣ ಇನ್ನೊಂದಿರಲಿಲ್ಲ. ಕಿಟಕಿಯಾಚೆಯ ಹುಣಸೆ ಮರಗಳ ಮೇಲೆ, ಅರಳಿಯ ಮೇಲೆ, ಬಾವಿಯ ಪಕ್ಕದ ಬಸರಿ ಮರದ ಮೇಲೆ ಆರು ನೂರು ಗೂಡುಗಳಿದ್ದ ಕಾಲವನ್ನು ಅವಳು ಕಣ್ಣಾರೆ ಕಂಡಿದ್ದಳು. ಈ ಸಲ ಹೆಜ್ಜಾರ್ಲೆ ಎಂಬ ಆ ದೊಡ್ಡ ನೀರುಹಕ್ಕಿಗಳು ಕಟ್ಟಿದ್ದು ಹನ್ನೊಂದು ಗೂಡು.

ಅಂಕೆ ಚೆನ್ನಾಗಿತ್ತು, ಹಕ್ಕಿ ಇರಲಿಲ್ಲ. ಆರು ವರ್ಷಗಳಿಂದ ಇದಕ್ಕೆ ಒಂದಲ್ಲ ಒಂದು ಕಾರಣ ಸಿಗುತ್ತ ಬಂದಿತ್ತು. ಕೆರೆ ಬತ್ತಿತು, ಮೀನು ಕಡಿಮೆಯಾಯಿತು, ಮಳೆ ತಡವಾಯಿತು. ಹೋದ ವರ್ಷ ಕೆರೆ ತುಂಬಿತ್ತು, ಮೀನೂ ಇತ್ತು. ಕಾರಣಗಳೆಲ್ಲ ಮುಗಿದ ಮೇಲೆ ತನುಜಾ ತಕ್ಕಡಿಯನ್ನೇ ಪರೀಕ್ಷಿಸಲು ಕೂತಳು.

ಹಿಂದಿನದನ್ನು ಇಲ್ಲಿ ಹೇಳಬೇಕು. ತೊರೆಕೊಪ್ಪಲಿನಲ್ಲಿ ಅರವತ್ತು ಮನೆ. ಚಳಿಗಾಲ ಹುಟ್ಟುತ್ತಲೇ ಹೆಜ್ಜಾರ್ಲೆಗಳು ಬಂದು ಹಿತ್ತಿಲ ಮರಗಳಲ್ಲೇ ಕೂರುತ್ತಿದ್ದವು. ಮರಿ ಹಾರುವವರೆಗೆ ಯಾರೂ ಹುಣಸೆ ಬಡಿಯುತ್ತಿರಲಿಲ್ಲ. ಸುದ್ದಿ ಹಬ್ಬಿ ನೋಡಲು ಜನ ಬಂದರು. ಮೊದಮೊದಲ ಶುಲ್ಕ ಮರದ ಒಡೆಯರ ಕೈಗೆ ಹೋಗುತ್ತಿತ್ತು, ಅದು ಎಲ್ಲರಿಗೂ ನ್ಯಾಯವೆನಿಸಿತ್ತು. ಆಮೇಲೆ ಬಂದವರ ಕಾಟ ಹೆಚ್ಚಿತು. ಗೂಡಿನ ಮಟ್ಟಕ್ಕೆ ಡ್ರೋನ್ ಹಾರಿಸುವವರು, ಪಟಾಕಿ ಹೊಡೆದು ಹಕ್ಕಿ ಏಳಿಸಿ ಫೋಟೋ ತೆಗೆಯುವವರು. ಊರಿನವರೇ ಅರ್ಜಿ ಕೊಟ್ಟು ಹೊರೆಮಾಪಕ ತರಿಸಿದರು. ಡಾಕ್ಟರ್ ಫಿಲೋಮಿನಾ ಲೋಬೋ ತಮ್ಮ ತಂಡದೊಡನೆ ಬಂದಾಗ ಊರಲ್ಲಿ ವಿಜ್ಞಾನ ಓದಿದವಳೆಂದರೆ ತನುಜಾ ಒಬ್ಬಳೇ. ಆಗ ಅವಳಿಗೆ ಇಪ್ಪತ್ತೆರಡು.

“ಒಂದು ದಿನ ಊರು ಪೂರ್ತಿ ನಿಶ್ಶಬ್ದವಾಗಿ ಇರಬೇಕು. ಆಗುತ್ತದಾ?” ಎಂದು ಲೋಬೋ ಕೇಳಿದ್ದರು.

“ನಮ್ಮಲ್ಲಿ ಹೊರಬೀಡು ಅಂತ ಇದೆ ಮೇಡಂ,” ಎಂದಿದ್ದಳು ತನುಜಾ. ವರ್ಷಕ್ಕೊಂದು ದಿನ ಬೆಳಗಾಗುವ ಮೊದಲೇ ಊರಿಗೆ ಊರೇ ದನ, ಕೋಳಿ, ನಾಯಿಯ ಸಮೇತ ಹೊರಟು ತೋಪಿನಲ್ಲಿ ಅಡಿಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವ ಪದ್ಧತಿ ಅದು. ಅಷ್ಟು ಹೊತ್ತು ಊರು ಮಾರಮ್ಮನದು. ಒಳಗೆ ಒಂದು ನರಪಿಳ್ಳೆ ಇರಕೂಡದು. ಹೊರಬೀಡು ಆಷಾಢದಲ್ಲಿ. ವಿಜ್ಞಾನಿಗಳಿಗೆ ಬೇಕಾದದ್ದು ಗೂಡುಗಳು ತುಂಬಿದ ಫೆಬ್ರವರಿ. ತನುಜಾ ಹಿರಿಯರನ್ನು ಕೇಳಿದಳು. ಮನೆಗೆ ಬಂದವರ ಕೆಲಸ ಕೆಡಬಾರದೆಂದು ಹಿರಿಯರು ದೇವಿಗೆ ತಪ್ಪುಕಾಣಿಕೆ ಕಟ್ಟಿ, ದಿನವನ್ನು ಫೆಬ್ರವರಿಗೆ ತಂದರು.

ಆ ದಿನ ಯಂತ್ರಕ್ಕೆ ಕಂಡದ್ದು ಪೂರ್ಣ ಶಾಂತಿ. ಹೆಜ್ಜೆಯಿಲ್ಲ, ಮಾತಿಲ್ಲ, ಮರಿಗಳ ಚೀರಾಟವೂ ಇಲ್ಲ. ಹಕ್ಕಿಗಳು ಗೂಡಿನಿಂದ ಕದಲಲಿಲ್ಲ. ಅದೇ ಸೊನ್ನೆಯಾಯಿತು. ಆಮೇಲೆ ಪ್ರವಾಸಿಗರನ್ನು ಎಷ್ಟು ಕಡಿಮೆ ಮಾಡಿದರೂ ಹೊರೆ ಐವತ್ತೆಂಟಕ್ಕಿಂತ ಕೆಳಗಿಳಿಯಲೇ ಇಲ್ಲ. ಗೇಟು ಮುಚ್ಚಿದ ದಿನವೂ ಐವತ್ತೆಂಟು. ಉಳಿದ ಭಾರ ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಶುಲ್ಕದ ನಿಧಿಯಿಂದ ನಾಲ್ಕು ಕಿಲೋಮೀಟರ್ ಆಚೆ ಹೊಸಕೊಪ್ಪಲು ಎದ್ದಿತು; ಒಳ್ಳೆಯ ಮನೆಗಳು, ನಲ್ಲಿ, ಆಸ್ಪತ್ರೆ. ಹಕ್ಕಿಗಾಗಿ ತಾನೇ ಎಂದು ಜನ ಗಂಟುಮೂಟೆ ಕಟ್ಟಿದರು. ಅಂಕೆ ಎರಡಕ್ಕೆ ಬಂತು. ಲೋಬೋ ಅವರಿಗೆ ಪ್ರಶಸ್ತಿ ಬಂತು, ತನುಜಾಳಿಗೆ ಕೆಲಸ ಸಿಕ್ಕಿತು.

ಈಗ ಅವಳು ನೋಡುತ್ತಿದ್ದುದು ಲೆಕ್ಕಕ್ಕೆ ಯಾರೂ ಬಳಸದ ಒಂದು ಕಾಲಂ. ಶಾಖದ ಕ್ಯಾಮೆರಾ ಹಕ್ಕಿ ಅಲುಗಿತೇ ಎಂಬುದರ ಜೊತೆಗೆ ಅದರ ಮುಖದ ಬಿಸಿಯನ್ನೂ ಬರೆದಿಟ್ಟುಕೊಂಡಿತ್ತು. ಹೆಜ್ಜಾರ್ಲೆಯ ಕಣ್ಣಿನ ಸುತ್ತ, ಕೊಕ್ಕಿನ ಕೆಳಗಿನ ಚೀಲದ ಮೇಲೆ ಗರಿಯಿಲ್ಲ. ಹಕ್ಕಿ ಹೆದರಿದಾಗ ರಕ್ತ ಹೊರಚರ್ಮದಿಂದ ಒಳಕ್ಕೆ ಸರಿಯುತ್ತದೆ, ಬರಿ ಚರ್ಮ ತಣ್ಣಗಾಗುತ್ತದೆ. ಶೂನ್ಯ ದಿನ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಆರು ನೂರು ಗೂಡುಗಳ ಹಕ್ಕಿಗಳ ಮುಖ ಎರಡು ಡಿಗ್ರಿ ತಣ್ಣಗಿತ್ತು.

ಅವು ನೆಮ್ಮದಿಯಾಗಿ ಕೂತಿರಲಿಲ್ಲ. ಹೆದರಿ ಮುದುರಿಕೊಂಡಿದ್ದವು. ಜನ ಇಲ್ಲದ ಊರಿನ ಮೇಲೆ ಹದ್ದುಗಳು ಇಳಿದಿದ್ದವು, ತೋಟದ ಕೋತಿಗಳು ಛಾವಣಿಗೆ ಬಂದಿದ್ದವು. ಧ್ವನಿಮುದ್ರಣದಲ್ಲಿ ಹದ್ದಿನ ಕೂಗು ಸ್ಪಷ್ಟವಾಗಿತ್ತು. ಅದು ಮನುಷ್ಯರ ಸದ್ದಲ್ಲವಾದ್ದರಿಂದ ಯಂತ್ರ ಅದನ್ನು ತೆಗೆದುಹಾಕಿತ್ತು. ಜನರಿದ್ದಾಗ ಕೋಳಿಮರಿಗಳನ್ನು ಕಾಯಲು ಹೆಂಗಸರು ಆಕಾಶಕ್ಕೆ ಬೀಸುತ್ತಿದ್ದ ಕಲ್ಲು, ಹಾಕುತ್ತಿದ್ದ ಕೂಗು ಹೆಜ್ಜಾರ್ಲೆಯ ಮರಿಗಳನ್ನೂ ಕಾಯುತ್ತಿತ್ತು. ಹಕ್ಕಿಗಳು ಊರಿನ ನಡುವೆ ಗೂಡು ಕಟ್ಟುತ್ತಿದ್ದುದು ಊರಿದ್ದರೂ ಅಲ್ಲ, ಊರಿದೆ ಎಂದು.

ದಾಖಲೆಯಲ್ಲಿ ಇನ್ನೊಂದು ಇತ್ತು, ಇಡೀ ದಿನದ ಸರಾಸರಿಯಲ್ಲಿ ಯಾರ ಕಣ್ಣಿಗೂ ಬೀಳದೆ ಮುಳುಗಿಹೋದದ್ದು. ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಬಾವಿಯ ಹತ್ತಿರ ಒಬ್ಬರ ಹೆಜ್ಜೆ. ಒಂಬತ್ತು ನಿಮಿಷ. ಅಷ್ಟು ಹೊತ್ತು ಬಸರಿ ಮರದ ಹಕ್ಕಿಗಳ ಮುಖ ಬೆಚ್ಚಗಾಗಿತ್ತು, ಮೂರು ಹಕ್ಕಿಗಳು ಎದ್ದು ಕೆರೆಯ ಕಡೆ ಹಾರಿದ್ದವು. ಹೆಜ್ಜೆ ದೂರವಾಯಿತು, ಮುಖಗಳು ಮತ್ತೆ ತಣ್ಣಗಾದವು.

ತನುಜಾ ಆ ಒಂಬತ್ತು ನಿಮಿಷಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದಳು. ಆಮೇಲೆ ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖವೊಡ್ಡಿದಳು.

*

ಹೊಸಕೊಪ್ಪಲಿನ ಮನೆಯ ಜಗಲಿಯಲ್ಲಿ ಅವಳ ತಾಯಿ ಕೆಂಪಾಜಮ್ಮ ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದಳು. ತನುಜಾ ಎದುರಿಗೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡಳು.

“ಅವ್ವ, ಆ ವಿಜ್ಞಾನಿಗಳು ಬಂದಾಗ ಹೊರಬೀಡು ಮಾಡುದ್ವಲ್ಲ, ಆವತ್ತು ಮಧ್ಯಾಹ್ನ ಯಾರಾದ್ರೂ ಊರೊಳಕ್ಕೆ ಹೋಗಿದ್ರಾ?”

“ಹೊರಬೀಡು ಅಂದ್ಮ್ಯಾಲೆ ಯಾರ್ ವೋದಾರು?”

“ಬಾವಿತಾವ ಯಾರೋ ನಿಂತಿದ್ರು. ಯಂತ್ರದಲ್ಲಿ ಐತೆ.”

ಕೆಂಪಾಜಮ್ಮನ ಬೆರಳು ನಿಂತಿತು. “ಯಂತ್ರುಕ್ಕೆ ಮಕ ಕಾಣ್ತದಾ?”

“ಇಲ್ಲ. ಹೆಜ್ಜೆ ಮಾತ್ರ.”

“ಅಂಗಾದ್ರೆ ಬುಡು,” ಎಂದು ಕೆಂಪಾಜಮ್ಮ ಮತ್ತೆ ಕಾಳು ಹಿದುಕತೊಡಗಿದಳು. ಬೇಳೆ ಬಟ್ಟಲಿಗೆ ಬೀಳುವ ಬದಲು ನೆಲಕ್ಕೆ ಬಿತ್ತು. ಇನ್ನೊಂದೂ ನೆಲಕ್ಕೇ ಬಿತ್ತು.

“ನೀನಾ ಅವ್ವ?”

ಕೆಂಪಾಜಮ್ಮ ಬೀದಿಯ ಕಡೆ ನೋಡಿ ದನಿ ತಗ್ಗಿಸಿದಳು. “ಕಾವಿಗೆ ಕೂತಿದ್ದ ಕೋಳೀನ ಮಂಕರಿ ಕೆಳಗೇ ಬುಟ್ಟು ಬಂದಿದ್ದೆ ಕಣ್ಮಗ. ಉರಿಬಿಸ್ಲು. ನೀರಿಲ್ದೆ ಸತ್ತೋಯ್ತದಲ್ಲ ಅಂತ ಜೀವ ತಡೀನಿಲ್ಲ. ಕಬ್ಬಿನ ಗದ್ದೆ ಮರೇಲಿ ಬಂದೆ. ಮಾರವ್ವ ಕಣ್ಣು ಕಿತ್ತಾಳು ಅಂತ ತಲೆ ಮ್ಯಾಕೆ ಎತ್ತಕೂಡ್ದು ಅಂದ್ಕಂಡೇ ಬಂದೆ. ಆದ್ರೂವೆ ಎತ್ತುಬುಟ್ಟೆ.”

“ಏನು ಕಂಡೆ?”

“ಏನ್ ಕಾಣದು. ಎಲ್ಲವೂ ಗೂಡಿಗೆ ಅಂಟ್ಕಂಡು ಕೂತಿದ್ವು. ಮರಿಗೋಳು ಒಂದೂ ಬಾಯಿ ಬುಡ್ನಿಲ್ಲ. ಅಷ್ಟೊಂದು ಮರಿಯಿರೋ ಊರಲ್ಲಿ ನನ್ ಬಳೆ ಸದ್ದು ನಂಗೇ ಕೇಳಿಸ್ತಿತ್ತು. ಮ್ಯಾಲೆ ನೋಡುದ್ರೆ ಹದ್ದು, ಒಂದಲ್ಲ ಎರಡಲ್ಲ. ಸೆರಗು ಬೀಸಿ ಹೋ ಅಂದೆ. ವೋದ್ವು. ಕೋಳೀಗೆ ನೀರಿಟ್ಟು ಹಿಂದಕ್ಕೆ ಬಂದುಬುಟ್ಟೆ.”

“ಯಾಕವ್ವ ಹೇಳ್ಲಿಲ್ಲ?”

“ಯಾರ್ಗೆ ಹೇಳ್ಲಿ? ಹೊರಬೀಡು ಮುರ್ದೋಳು ಅಂತ ಊರ್ನೋರು ಉಗೀತಿದ್ರು. ಅದಾದ್ರೂ ತಡ್ಕತಿದ್ದೆ. ಆ ಸಂಜೆ ನೀನು ಅವರ್ ಜೊತೇಲಿ ಆ ಡಬ್ಬ ಹಿಡ್ಕಂಡು ನಗ್ತಾ ನಿಂತಿದ್ದೆ. ನಿಮ್ಮಪ್ಪ ವೋದ್ಮ್ಯಾಲೆ ನೀನು ಅಂಗೆ ನಕ್ಕಿದ್ದು ನಾನು ನೋಡಿರ್ನಿಲ್ಲ. ಕೆಲಸ ಕೆಟ್ಟೋಯ್ತು ಅಂತ ಹೆಂಗೆ ಹೇಳ್ಲಿ?” ಅವಳು ನೆಲಕ್ಕೆ ಬಿದ್ದ ಬೇಳೆಗಳನ್ನು ಒಂದೊಂದಾಗಿ ಆರಿಸಿದಳು. “ಅದ್ರಿಂದ ಏನಾರಾ ಕೆಟ್ಟೋಯ್ತಾ?”

ತನುಜಾ ತನ್ನ ಕಾಲ ಬಳಿ ಉರುಳಿದ್ದ ಬೇಳೆಯೊಂದನ್ನು ಎತ್ತಿ ಬಟ್ಟಲಿಗೆ ಹಾಕಿದಳು. ತಾಯಿಯ ತಪ್ಪಿನಿಂದ ಏನೂ ಕೆಟ್ಟಿರಲಿಲ್ಲ. ಆ ದಿನದ ದಾಖಲೆಯಲ್ಲಿ ಸರಿಯಾಗಿದ್ದದ್ದು ಆ ಒಂಬತ್ತು ನಿಮಿಷ ಮಾತ್ರ.

*

ಲೋಬೋ ಮೇಡಂ ಎಲ್ಲ ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿದರು. ಕರಾವಳಿಯ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

“ಆ ಕಾಲಂ ಬೇಡ ಅಂತ ತೆಗೆದದ್ದು ನಾನೇ. ಬಿಸಿಲಿಗೆ ಮುಖದ ಬಿಸಿ ಹೆಚ್ಚುಕಡಿಮೆ ಆಗ್ತದೆ, ನಂಬ್ಲಿಕ್ಕೆ ಆಗೋದಿಲ್ಲ ಅಂತ ಬರ್ದಿದ್ದೆ.” ಕನ್ನಡಕ ಏರಿಸಿಕೊಂಡರು. “ಆದರೆ ತನುಜಾ, ಒಂಬತ್ತು ವರ್ಷದ ಹಿಂದಿನ ಒಂಬತ್ತು ನಿಮಿಷ ಇಟ್ಕೊಂಡು ಸೊನ್ನೆ ಬದಲಾಯಿಸ್ಲಿಕ್ಕೆ ಯಾರೂ ಒಪ್ಪುವುದಿಲ್ಲ. ಜನ ಇದ್ದಾಗ ಹಕ್ಕಿಯ ಮುಖ ಬೆಚ್ಚಗಾಗ್ತದೆ ಅಂತ ಈಗ ತೋರಿಸಬೇಕು. ತೋರಿಸಿದ್ರೆ ಸೊನ್ನೆ ಹೊಸದಾಗಿ ಇಡಬಹುದು, ಊರು ವಾಪಸ್ ಬರಬಹುದು.”

“ಇನ್ನು ಹನ್ನೊಂದೇ ಗೂಡು ಇರೋದು ಮೇಡಂ.”

“ಅದಕ್ಕೇ ಹೇಳೋದು. ಬರುವ ವರ್ಷಕ್ಕೆ ಅಳೀಲಿಕ್ಕೆ ಹಕ್ಕಿಯೇ ಇರ್ಲಿಕ್ಕಿಲ್ಲ.”

ನಿಯಮದ ಪ್ರಕಾರ ಒಳಗೆ ಬಿಡಬಹುದಾದದ್ದು ಸಂದರ್ಶಕರನ್ನು ಮಾತ್ರ. ತೊರೆಕೊಪ್ಪಲಿನವರೆಂಬ ಇನ್ನೊಂದು ವರ್ಗ ಗೇಟಿನ ಯಂತ್ರಕ್ಕೆ ತಿಳಿಯದು. ಹತ್ತು ದಿನ, ಅರವತ್ತು ಜನ, ಹಗಲು ಮಾತ್ರ ಎಂದು ಲೋಬೋ ಅಪ್ಪಣೆ ತಂದರು. ಶುಲ್ಕವನ್ನು ತಮ್ಮ ಸಂಶೋಧನೆಯ ಖರ್ಚಿಗೆ ಹಾಕಿಕೊಂಡರು.

*

ಫೆಬ್ರವರಿಯ ಮೊದಲ ಸೋಮವಾರ ಬೆಳಿಗ್ಗೆ ಹೊಸಕೊಪ್ಪಲಿನ ಜನ ಎರಡು ಟ್ರ್ಯಾಕ್ಟರ್‌ಗಳಲ್ಲಿ ತಮ್ಮ ಊರಿನ ಗೇಟಿಗೆ ಬಂದು ಇಳಿದರು. ತನುಜಾಳ ಚಿಕ್ಕಪ್ಪ ದ್ಯಾವಣ್ಣ ಮದುವೆಗೆ ಹೊರಟವನಂತೆ ಬಿಳಿ ಪಂಚೆ ಉಟ್ಟಿದ್ದ. ಗೇಟಿನ ಯಂತ್ರ ಅವನ ಮಣಿಕಟ್ಟಿಗೆ ಪಟ್ಟಿ ಬಿಗಿದು, ಹೆಣ್ಣುದನಿಯಲ್ಲಿ “ತೊರೆಕೊಪ್ಪಲಿಗೆ ಸ್ವಾಗತ. ದಯವಿಟ್ಟು ಮೆಲ್ಲಗೆ ಮಾತನಾಡಿ,” ಎಂದಿತು.

“ಆಯ್ತು ಕಣ್ ತಾಯಿ. ನೀನು ಯಾರ ಮನೆ ಸೊಸೆ?” ಎಂದ ದ್ಯಾವಣ್ಣ.

ಜನ ನಕ್ಕರು. ನಕ್ಕ ಸದ್ದಿಗೆ ಎಲ್ಲರ ಪಟ್ಟಿಯೂ ಕೆಂಪಗೆ ಮಿಣುಕಿತು. ಅದನ್ನು ನೋಡಿ ಇನ್ನಷ್ಟು ನಕ್ಕರು.

“ಚಿಕ್ಕಪ್ಪ, ಅದುನ್ನ ನೋಡ್ಬೇಡಿ,” ಎಂದಳು ತನುಜಾ. “ಮೊದ್ಲು ಹೆಂಗಿದ್ರೋ ಹಂಗೇ ಇರ್ಬೇಕು. ಅಡಿಗೆ ಮಾಡಿ, ಜಗಳ ಆಡಿ. ಹದ್ದು ಕಂಡ್ರೆ ಕೂಗಿ.”

“ಜಗಳಕ್ಕೇನ್ ಬರ ಇಲ್ಲ ಬುಡು. ನಿಮ್ಮವ್ವ ಬಂದವಳಲ್ಲ.”

“ಪಂಚೆ ಕಟ್ಟಕ್ಕೆ ಬರ್ದೋರು ನನ್ ಸುದ್ದಿಗೆ ಬರ್ಬೇಡಿ,” ಎಂದು ಕೆಂಪಾಜಮ್ಮ ಮುಂದೆ ನಡೆದಳು.

ಆರು ವರ್ಷ ಮುಚ್ಚಿದ್ದ ಮನೆಗಳು. ಕೆಲವು ಬಾಗಿಲು ತೆರೆಯಲಿಲ್ಲ, ಕೆಲವು ತೆರೆದ ಮೇಲೆ ಮುಚ್ಚಲಿಲ್ಲ. ಹೊಗೆ ಎದ್ದಿತು. ಬಾವಿಗೆ ಹಗ್ಗ ಇಳಿಯಿತು. ಯಾವ ಮಾತನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಎತ್ತಿಕೊಂಡವರಂತೆ ಇಬ್ಬರು ಹೆಂಗಸರು ಮೋರಿಯ ನೀರಿನ ಬಗ್ಗೆ ವಾದ ಶುರು ಮಾಡಿದರು. ತನುಜಾ ಆ ಸದ್ದು ಕೇಳುತ್ತ ಶಾಲೆಯ ಕಡೆ ಬಂದಳು.

ಹನ್ನೊಂದು ಗೂಡುಗಳೂ ದೊಡ್ಡ ಅರಳಿ ಮರದಲ್ಲಿದ್ದವು. ಪರದೆಯ ಮೇಲೆ ಹನ್ನೊಂದು ಮುಖಗಳು, ಪಕ್ಕದಲ್ಲಿ ಹನ್ನೊಂದು ಅಂಕೆಗಳು. ಒಂಬತ್ತು ಗಂಟೆಗೆ ಅಂಕೆಗಳು ಇಳಿಯಲು ಶುರುವಾದವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಖಗಳೂ ಎರಡೂವರೆ ಡಿಗ್ರಿ ತಣ್ಣಗಾಗಿದ್ದವು.

ಹೊಸ ಸದ್ದು, ಒಗ್ಗಲು ಹೊತ್ತು ಬೇಕು ಎಂದು ಅವಳು ಟಿಪ್ಪಣಿ ಬರೆದಳು. ಯಾವ ಪಕ್ಷಿವಿಜ್ಞಾನಿಯಾದರೂ ಹಾಗೇ ಬರೆಯುತ್ತಿದ್ದ. ಎರಡನೆಯ ದಿನ ಮೂರು ಹಕ್ಕಿಗಳು ಗೂಡಿನ ಅಂಚಿಗೆ ಎದ್ದು ನಿಂತವು. ಹದ್ದೊಂದು ಇಳಿದು ಬಂದಾಗ ಕೆಂಪಾಜಮ್ಮ ಹಿಂದಿನಂತೆಯೇ ಸೆರಗು ಬೀಸಿ ಕೂಗಿದಳು. ಹದ್ದು ದೂರ ಹೋಯಿತು. ಅದರ ಹಿಂದೆಯೇ ನಾಲ್ಕು ಹೆಜ್ಜಾರ್ಲೆಗಳೂ ಎದ್ದು ಹೋದವು. ಸಂಜೆ ಜನ ಹೊರಟ ಮೇಲೆ ನಾಲ್ಕರಲ್ಲಿ ಒಂದು ಹಿಂದಿರುಗಿತು.

ಲೋಬೋ ಅವರಿಗೆ ಅವಳು ಫೋನ್ ಮಾಡಿದಳು. “ನಿಲ್ಲಿಸುವುದಾ?” ಎಂದರು ಅವರು. “ಇನ್ನೊಂದು ದಿನ ಮೇಡಂ,” ಎಂದಳು ತನುಜಾ. ಮುಂದೆ ಎಷ್ಟೋ ಕಾಲ ತನ್ನ ಬಾಯಿಂದ ಬಂದ ಆ ಮಾತನ್ನು ಅವಳು ಬೇರೆ ಯಾರೋ ಹೇಳಿದ್ದೆಂಬಂತೆ ನೆನೆಸಿಕೊಳ್ಳಲು ಪ್ರಯತ್ನಿಸಿ ಸೋಲಲಿದ್ದಳು.

ಮೂರನೆಯ ದಿನ ಹನ್ನೊಂದೂವರೆಗೆ ಎಲ್ಲ ಹಕ್ಕಿಗಳೂ ಒಟ್ಟಿಗೆ ಎದ್ದವು. ಗದ್ದಲವೇನೂ ಇರಲಿಲ್ಲ. ಯಾರದೋ ಮನೆಯಲ್ಲಿ ಒರಳಿನ ಸದ್ದು, ಅಷ್ಟೆ. ಹೆಜ್ಜಾರ್ಲೆಗಳು ಅರಳಿಯ ಮೇಲೆ ಎರಡು ಸುತ್ತು ಬಂದು, ಬಿಸಿಗಾಳಿ ಹಿಡಿದು ಮೇಲೇರಿ, ಕೆರೆಯನ್ನೂ ದಾಟಿ ಹೋದವು. ಮೊಟ್ಟೆಗಳು ಬಿಸಿಲಿಗೆ ತೆರೆದುಕೊಂಡವು. ತನುಜಾ ಓಡಿ ಹೋಗಿ, “ಸದ್ದು ನಿಲ್ಸಿ, ಎಲ್ಲಾರೂ ಹೊರಕ್ಕೆ ಹೋಗಿ,” ಎಂದಳು. ಒರಳು ನಿಂತಿತು. ಜನ ಒಲೆಗೆ ನೀರು ಸುರಿದು, ಅರ್ಧ ಬೆಂದ ಅನ್ನವನ್ನು ಹಾಗೇ ಬಿಟ್ಟು ಹೊರಟರು. ಸಂಜೆಯವರೆಗೆ ಕಾದರೂ ಹಕ್ಕಿ ಬರಲಿಲ್ಲ. ಛಾವಣಿಗಳ ಮೇಲಿಂದ ಕೋತಿಗಳು ಅರಳಿಗೆ ದಾಟಿದವು. ದ್ಯಾವಣ್ಣ ಗೇಟಿನಾಚೆಯಿಂದಲೇ ಕಲ್ಲು ಬೀಸಿದ. ಕಲ್ಲು ಅಷ್ಟು ದೂರ ಹೋಗಲಿಲ್ಲ.

ಅವಳು ಕೊಠಡಿಗೆ ಹಿಂದಿರುಗಿ, ಆ ಮೂರು ದಿನಗಳ ಚಿತ್ರಗಳಲ್ಲಿ ಹಕ್ಕಿಗಳ ಕಾಲು ಕಾಣುವವನ್ನು ಆರಿಸತೊಡಗಿದಳು. ಮರಿ ಹಾರುವ ಮೊದಲು ಕಾಲಿಗೊಂದು ಬಳೆ ತೊಡಿಸುವುದು ತಾಣದ ಕ್ರಮ. ಊರು ಹೊರಡುವ ಮೊದಲು ಹುಟ್ಟಿದವಕ್ಕೆ ಹಳದಿ, ಆಮೇಲೆ ಹುಟ್ಟಿದವಕ್ಕೆ ಹಸಿರು. ಇಪ್ಪತ್ತೆರಡು ಹಕ್ಕಿಗಳಲ್ಲಿ ಹತ್ತೊಂಬತ್ತರ ಕಾಲು ಸಿಕ್ಕಿತು. ಹತ್ತೊಂಬತ್ತೂ ಹಸಿರು.

ಹೋದ ತಿಂಗಳು ಅವಳು ಹಕ್ಕಿಗಳನ್ನು ಎಣಿಸಿದ್ದಳು. ಅವು ಯಾವ ಹಕ್ಕಿಗಳೆಂದು ನೋಡಿರಲಿಲ್ಲ. ಇವು ಖಾಲಿ ಊರಿನಲ್ಲಿ, ಹದ್ದು ಕೋತಿಗಳ ನಡುವೆ ಹೇಗೋ ಬದುಕುಳಿದ ಕೆಲವೇ ಮರಿಗಳು. ಹುಟ್ಟಿದಾಗಿನಿಂದ ಒಂದು ಒರಳಿನ ಸದ್ದು ಕೇಳಿದವಲ್ಲ. ಒಂಬತ್ತು ವರ್ಷದ ಹಿಂದೆ ಸುಳ್ಳಾಗಿದ್ದ ಸೊನ್ನೆ, ಇವುಗಳ ಮಟ್ಟಿಗೆ ನಿಜವೇ ಆಗಿತ್ತು.

*

ಏಪ್ರಿಲ್‌ನಲ್ಲಿ ಆದೇಶ ಬಂತು. ರಕ್ಷಿಸಲು ಹಕ್ಕಿಯಿಲ್ಲದ ಕಡೆ ಗೇಟು ಬೇಡ, ಶುಲ್ಕ ಬೇಡ. ನಿಧಿ ಬೇರೆ ತಾಣಕ್ಕೆ ಹೋಗುತ್ತದೆ. ತೊರೆಕೊಪ್ಪಲಿನ ನಿವಾಸಿಗಳು ಇಷ್ಟವಿದ್ದರೆ ತಮ್ಮ ಮನೆಗಳಿಗೆ ಹಿಂದಿರುಗಬಹುದು. ಲೋಬೋ ಅದನ್ನು ಓದಿ ಕೊಟ್ಟು, “ಊರು ಸಿಕ್ಕಿತು ನೋಡಿ,” ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ಹೊಸಕೊಪ್ಪಲಿನ ಸಮುದಾಯ ಭವನದಲ್ಲಿ ತನುಜಾ ಎದ್ದು ನಿಂತು ಎಲ್ಲ ಹೇಳಿದಳು. ದಿನ ಗೊತ್ತುಮಾಡಿಸಿದ್ದು ತಾನು ಎಂದಳು. ಯಂತ್ರ ಹೆದರಿಕೆಯನ್ನು ನೆಮ್ಮದಿ ಎಂದು ಓದಿದ್ದು, ಬಳೆಯ ಬಣ್ಣ ನೋಡದೆ ತಾನು ಎಲ್ಲರನ್ನೂ ಕರೆದೊಯ್ದದ್ದು, ಒಂದನ್ನೂ ಬಿಡಲಿಲ್ಲ. ತಾಯಿಯ ಹೆಸರು ಮಾತ್ರ ತೆಗೆಯಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಕೆಂಪಾಜಮ್ಮ, “ಬಾವಿತಾವ ನಿಂತಿದ್ದೋಳು ನಾನೇ, ಅದುನ್ನೂ ಹೇಳು,” ಎಂದಳು. ಜನ ತಿರುಗಿ ನೋಡಿದರು. ಯಾರೂ ಉಗಿಯಲಿಲ್ಲ.

“ಹಳೇವು ಎಲ್ಲಿಗೆ ವೋದ್ವವ್ವ?” ಎಂದು ದ್ಯಾವಣ್ಣ ಕೇಳಿದ.

“ಕೆಲವು ಸತ್ತಿರ್ತವೆ ಚಿಕ್ಕಪ್ಪ. ಹಳದಿ ಬಳೆಯವು ಒಂದಷ್ಟು ಎಪ್ಪತ್ತು ಮೈಲಿ ಆಚೆ ಕಂಡವೆ. ಒಂದು ಸಂತೆಮಾಳದ ಮರದಲ್ಲಿ, ಬಸ್‌ ಸ್ಟ್ಯಾಂಡಿನ ಪಕ್ಕ.”

ದ್ಯಾವಣ್ಣ ತಲೆ ತಗ್ಗಿಸಿದ. “ನಮ್ಮುನ್ನ ಹುಡುಕ್ಕಂಡು ವೋಗವೆ,” ಎಂದ. ಆಮೇಲೆ ತಲೆಯೆತ್ತಿ, “ಈಗ ನಾವು ಊರ್ಗೆ ವೋದ್ರೆ, ಈ ಹಸುರು ಬಳೇವು ಮತ್ತೆ ಬತ್ತವಾ?”

“ಜನ ಇದ್ರೆ ಬರಲ್ಲ.”

“ಇಲ್ದಿದ್ರೆ?”

“ಗೊತ್ತಿಲ್ಲ.”

“ಈ ಗೊತ್ತಿಲ್ಲ ಅನ್ನೋ ಮಾತ ಒಂಬತ್ತು ವರ್ಸದ ಹಿಂದೆ ಒಂದ್ಸಲ ಅಂದಿದ್ರೆ ಎಷ್ಟು ಚೆಂದಾಗಿರ್ತಿತ್ತು,” ಎಂದ ದ್ಯಾವಣ್ಣ. ಆ ಮಾತಿಗೆ ತನುಜಾ ತಲೆಯಾಡಿಸಿದಳು. ಅದು ನ್ಯಾಯವಾಗಿತ್ತು.

ಮಾತು ಮಧ್ಯಾಹ್ನದವರೆಗೆ ನಡೆಯಿತು. ಜಗಳವೂ ಆಯಿತು. ಹಕ್ಕಿಯೂ ಇಲ್ಲ, ಊರೂ ಇಲ್ಲ ಅಂದ್ರೆ ನಾವೇನು ಪಾಪ ಮಾಡಿದ್ದೆವು ಎಂದು ಒಬ್ಬ ಎದ್ದು ಹೋದ, ಬಾಗಿಲಾಚೆ ನಿಂತು ಮತ್ತೆ ಒಳಗೆ ಬಂದ. ಇಪ್ಪತ್ತೆರಡು ಹಕ್ಕಿಗೆ ಅರವತ್ತು ಮನೆಯಾ ಎಂದು ಇನ್ನೊಬ್ಬಳು ಕೇಳಿದಳು. ಹಾಗೆ ಕೇಳಿದವಳೇ ಸ್ವಲ್ಪ ಹೊತ್ತಿನ ಮೇಲೆ, “ಅವುಕ್ಕೆ ಗೊತ್ತಿರೋದು ಅದೊಂದೇ ಊರು ಅಲ್ವಾ?” ಎಂದಳು.

“ಬರ್ಲಿ ಬುಡ್ಲಿ, ಊರ್ನ ಅವುಕ್ಕೇ ಬುಟ್ಟಿರಾನ,” ಎಂದಳು ಕೆಂಪಾಜಮ್ಮ. ಮಾತು ಮುಗಿದದ್ದು ಅಲ್ಲಿಗೆ. ಕೈ ಎತ್ತಿಸಲಿಲ್ಲ, ಕಾಗದಕ್ಕೆ ಸಹಿ ಹಾಕಿಸಲಿಲ್ಲ.

ಹಳೆಯ ಮನೆಗಳಲ್ಲಿ ಉಳಿದಿದ್ದ ತಮ್ಮ ಸಾಮಾನು ತರಲು ಒಂದು ದಿನ ಇಟ್ಟುಕೊಂಡರು. ಗೇಟು ಆಗಲೇ ಕಿತ್ತಿದ್ದರು. ಪಟ್ಟಿ ಕಟ್ಟುವವರಿರಲಿಲ್ಲ, ಸ್ವಾಗತ ಹೇಳುವ ದನಿಯಿರಲಿಲ್ಲ. ಯಾರೋ ಬಾಗಿಲುವಾಡ ಬಿಚ್ಚಿಕೊಂಡರು, ಯಾರೋ ಬೀಸುವ ಕಲ್ಲು ಹೊತ್ತರು. ದ್ಯಾವಣ್ಣ ಹಿತ್ತಿಲಿನ ಒಂದು ಹಿಡಿ ಮಣ್ಣನ್ನು ಹೆಗಲ ಮೇಲಿನ ವಲ್ಲಿಯ ತುದಿಗೆ ಕಟ್ಟಿಕೊಂಡು, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ. ತನುಜಾ ಶಾಲೆಯ ಪರದೆಗಳನ್ನು ಆರಿಸಿ, ಕಂಬಗಳ ವಿದ್ಯುತ್ ತೆಗೆದಳು. ಐದನೆಯ ಪರದೆ ಆರುವ ಮುನ್ನ ಅದರ ಮೇಲಿನ ಅಂಕೆಯನ್ನು ಅವಳು ಓದಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಜನ ಒಬ್ಬರ ಹಿಂದೊಬ್ಬರು ದಾರಿ ಹಿಡಿದರು. ತಾಯಿ ಮಗಳು ಕೊನೆಯಲ್ಲಿದ್ದರು. ಕೆಂಪಾಜಮ್ಮನ ತಲೆಯ ಮೇಲೆ ಊಟದ ಕಂಚಿನ ಗಂಗಾಳಗಳ ಗಂಟು. ಹೆಜ್ಜೆಗೊಮ್ಮೆ ಗಂಗಾಳಗಳು ಒಂದಕ್ಕೊಂದು ತಗುಲಿ ಠಣ್ ಎನ್ನುತ್ತಿದ್ದವು. ಅರಳಿ ಮರದ ಕೆಳಗೆ ಬಂದಾಗ ಅವಳು ನಿಂತು, ಗಂಟು ಇಳಿಸಿ, ಗಂಗಾಳಗಳ ನಡುವೆ ತನ್ನ ಹಳೆಯ ಸೀರೆಯ ಮಡಿಕೆಗಳನ್ನು ಒಂದೊಂದಾಗಿ ತುರುಕಿದಳು. ಮತ್ತೆ ಗಂಟು ಕಟ್ಟಿ ತಲೆಗೇರಿಸಿಕೊಂಡಳು.

“ನಿಧಾನಕ್ಕೆ ನಡಿ ಮಗ,” ಎಂದಳು ಪಿಸುದನಿಯಲ್ಲಿ.

ಮರದ ಮೇಲೆ ಹನ್ನೊಂದು ಒಣಗೂಡುಗಳಿದ್ದವು. ಅವುಗಳಲ್ಲಿ ಏನೂ ಇಲ್ಲವೆಂದು ತನುಜಾ ಹೇಳಲಿಲ್ಲ. ತರಗೆಲೆಗಳಿಲ್ಲದ ಕಡೆ ನೋಡಿ ನೋಡಿ ಕಾಲಿಡುತ್ತ ಅವಳು ತಾಯಿಯ ಹಿಂದೆ ನಡೆದಳು.